ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳುವ ಗುಂಪು: ಒಂದು ವರ್ಷದ ಅನುಭವದ ವಿಮರ್ಶೆ

ನಾನು ಸದಸ್ಯನಾಗಿರುವ ಕ್ರೈಸ್ತ ಸಭೆಯು (ಚರ್ಚು) ನಡೆಸುವ ಸೇವೆಗಳಲ್ಲಿ ಅತ್ಯಂತ ಕಡಿಮೆ ಜನರ ಗಮನಕ್ಕೆ ಬಂದಿರುವುದು ವಾರಕ್ಕೊಮ್ಮೆ ಸೇರುವ ಪಾಪದ ಅರಿಕೆ ಮತ್ತು ಪ್ರಾರ್ಥನೆಯ ಸಣ್ಣ ಗುಂಪು. ಆರು ಮಂದಿ ಪುರುಷರ ಇಂಥ ಒಂದು ಗುಂಪಿನಲ್ಲಿ ನಾನು ಒಂದು ವರ್ಷದಿಂದ ಇದ್ದೇನೆ. ತಮ್ಮ ಸಭೆಯಲ್ಲಿ ಇಂಥದ್ದೊಂದು ಗುಂಪು ಇದ್ದು, ಸೇರಬೇಕೋ ಬೇಡವೋ ಎಂದು ಹಿಂಜರಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೂಟ ನಡೆಯುವ ಕ್ರಮ ಸರಳವಾಗಿದೆ. ಮೊದಲು ಬೈಬಲಿನ ಒಂದು ಕೀರ್ತನೆಯನ್ನು, ಹೆಚ್ಚಾಗಿ 32, 51 ಅಥವಾ 130ನೆಯದನ್ನು, ಓದಲಾಗುತ್ತದೆ. ಅನಂತರ ಪ್ರತಿಯೊಬ್ಬರೂ ಆ ವಾರ ತಾವು ಎಲ್ಲಿ ಎಡವಿದರೆಂಬುದನ್ನು ಹೇಳುತ್ತಾರೆ. ಆ ಹೊತ್ತಿನಲ್ಲಿ ಯಾರೂ ಸಲಹೆ ಕೊಡುವಂತಿಲ್ಲ. ಅರಿಕೆ ಮುಗಿದ ಮೇಲೆ ಉಳಿದವರಲ್ಲಿ ಒಬ್ಬರು ಆ ವ್ಯಕ್ತಿಯನ್ನು ಹೆಸರು ಹಿಡಿದು ಕರೆದು, ಕ್ರಿಸ್ತನಲ್ಲಿ ನಿಮಗೆ ಕ್ಷಮೆಯಾಗಿದೆ ಎಂದು ಕೇಳಿಸುವಂತೆ ಹೇಳುತ್ತಾರೆ. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂಬುದು ಏಕೈಕ ಕಟ್ಟುನಿಟ್ಟಿನ ನಿಯಮ. ಈ ಕ್ರಮವನ್ನು ನಮ್ಮ ಸಭೆ ಹೊಸದಾಗಿ ಕಂಡುಹಿಡಿದದ್ದಲ್ಲ. 1738ರ ಡಿಸೆಂಬರಿನಲ್ಲಿ, ಮೆಥಡಿಸ್ಟ್ ಚಳವಳಿಯನ್ನು ಆರಂಭಿಸಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ರೂಪಿಸಿದ ‘ಬ್ಯಾಂಡ್’ ಎಂಬ ಸಣ್ಣ ಗುಂಪುಗಳ ನಿಯಮಗಳು, ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರೆಂದು ಹೇಳುವ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದ 16ನೆಯ ವಚನವನ್ನೇ ಆಧಾರವಾಗಿಟ್ಟುಕೊಂಡಿದ್ದವು. ಕಳೆದ ಕೂಟದಿಂದೀಚೆಗೆ ತಿಳಿದೂ ಮಾಡಿದ ಪಾಪಗಳಾವುವು ಎಂಬ ಪ್ರಶ್ನೆಯನ್ನು ಅಲ್ಲಿ ಪ್ರತಿವಾರ ಕೇಳಲಾಗುತ್ತಿತ್ತು. ಅದಾಗಿ ಸುಮಾರು ಇನ್ನೂರು ವರ್ಷಗಳ ನಂತರ, 1935ರಿಂದ 1937ರವರೆಗೆ ಆಗಿನ ಜರ್ಮನಿಯ ಫಿಂಕೆನ್‌ವಾಲ್ಡೆಯಲ್ಲಿ ಸಭಾಪಾಲಕರಾಗಲಿದ್ದವರಿಗೆ ತರಬೇತಿ ಕೊಟ್ಟ ಜರ್ಮನ್ ದೇವತಾಶಾಸ್ತ್ರಜ್ಞ ಡೀಟ್ರಿಚ್ ಬೋನ್‌ಹೊಫರ್ ಕೂಡ, ಕರ್ತನ ಭೋಜನಕ್ಕೆ ಮುಂಚೆ ಒಬ್ಬ ಸಹೋದರನ ಮುಂದೆ ಅರಿಕೆ ಮಾಡಿಕೊಳ್ಳುವ ರೂಢಿಯನ್ನು ತಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಸಲು ಯತ್ನಿಸಿದರು.

ಸೇರುವಾಗ ನನಗೆ ಕೃಪೆಯ ವಿಷಯದಲ್ಲಿ ಕಲಿಯಬೇಕಾದದ್ದು ಏನೂ ಉಳಿದಿರಲಿಲ್ಲವೆಂದೇ ಭಾವಿಸಿದ್ದೆ. ಐದನೆಯ ತಿಂಗಳಲ್ಲಿ ಆ ಏಕೈಕ ನಿಯಮವನ್ನು ಮುರಿದವನು ನಾನೇ. ಗುಂಪಿನ ಹಿರಿಯರೊಬ್ಬರು, ತಮ್ಮ ಮಗ ತಮ್ಮೊಂದಿಗೆ ಮಾತು ಬಿಟ್ಟಿರುವುದನ್ನೂ ಅದಕ್ಕೆ ತಮ್ಮ ಕೋಪವೇ ಕಾರಣವೆಂಬುದನ್ನೂ ಬಹಳ ಕಷ್ಟಪಟ್ಟು ಹೇಳಿಕೊಂಡಿದ್ದರು. ನಾನು ಅದನ್ನು ಬೇರೊಂದು ಕೂಟದಲ್ಲಿ ಪ್ರಾರ್ಥನೆಯ ವಿನಂತಿಯೆಂಬ ಹೆಸರಿನಲ್ಲಿ, ಹೆಸರು ಹೇಳದಿದ್ದರೂ ಯಾರೆಂದು ಎಲ್ಲರೂ ಊಹಿಸಬಹುದಾದ ರೀತಿಯಲ್ಲಿ, ಹೇಳಿಬಿಟ್ಟೆ. ಎರಡೇ ವಾರಗಳಲ್ಲಿ ಅದು ಆ ಮಗನ ಕಿವಿಗೆ ಬಿತ್ತು. ನಮ್ಮೊಳಗೆ ಚಾಡಿಯು ಎಷ್ಟು ಸುಲಭವಾಗಿ ಪ್ರಾರ್ಥನೆಯ ಬಟ್ಟೆ ತೊಡುತ್ತದೆ ಎಂಬುದನ್ನು ನಾನು ಅಂದು ನನ್ನ ಬಾಯಿಂದಲೇ ತಿಳಿದೆ.

ಗುಂಪನ್ನು ನಡೆಸುವವರ ಬಳಿ ಹೋಗಿ ಎಲ್ಲವನ್ನೂ ಹೇಳಿದಾಗ, ಅವರು ನನಗೆ ಸಮಾಧಾನ ಹೇಳಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂಬ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ ಮಾತನ್ನು ನೆನಪಿಸಿ, ಅಂದೇ ಹೋಗುವಂತೆ ಹೇಳಿದರು. ಹೋದೆ. ಆ ಹಿರಿಯರು ಪೂರ್ತಿ ಕೇಳಿಸಿಕೊಂಡು, "ನನಗೆ ಬಹಳ ನೋವಾಗಿದೆ. ಈಗಲೇ ಕ್ಷಮಿಸಿದೆನೆಂದರೆ ಅದು ಬರೀ ಬಾಯಿಮಾತಾದೀತು. ಸ್ವಲ್ಪ ಸಮಯ ಕೊಡಿ, ತಮ್ಮಾ" ಎಂದರು. ಮೂರು ವಾರಗಳ ನಂತರ ಗುಂಪಿನಲ್ಲಿ ನಾನು ಎಲ್ಲರ ಮುಂದೆ ಅರಿಕೆ ಮಾಡಿದಾಗ, ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ನನ್ನ ಹೆಸರು ಹಿಡಿದು ಕ್ಷಮೆಯ ಮಾತನ್ನು ಹೇಳಿದವರು ಅವರೇ. ನನಗೆ ಅಳು ತಡೆಯಲಾಗಲಿಲ್ಲ.

ಕೋಣೆಯ ಬಾಗಿಲು ಮುಚ್ಚಿಕೊಂಡು ನಾನು ಅದೇ ಪಾಪಕ್ಕಾಗಿ ಅದಕ್ಕೂ ಮುಂಚೆ ಹಲವು ಸಲ ದೇವರಲ್ಲಿ ಕ್ಷಮೆ ಬೇಡಿದ್ದೆ. ದೇವರು ಕೇಳಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಏಕಾಂತದಲ್ಲಿ ತಪ್ಪಿನ ಬೆಲೆಯನ್ನು ನಿಗದಿ ಮಾಡುತ್ತಿದ್ದವನು ನಾನೇ ಆಗಿದ್ದೆ, ಮತ್ತು ಅದನ್ನು ಕಡಿಮೆಗೇ ನಿಗದಿ ಮಾಡುತ್ತಿದ್ದೆ. ಮತ್ತಾಯನ 18ನೆಯ ಅಧ್ಯಾಯದ ಸಾಮ್ಯದಲ್ಲಿ, ಅರಸನು ಒಬ್ಬ ಆಳಿಗೆ ಬಿಟ್ಟುಕೊಟ್ಟ ಹತ್ತು ಸಾವಿರ ತಲಾಂತುಗಳ (ತೀರಿಸಲಾಗದಷ್ಟು ದೊಡ್ಡ ಮೊತ್ತದ) ಸಾಲದ ಮುಂದೆ, ಆ ಆಳಿಗೆ ಜೊತೆ ಆಳು ಕೊಡಬೇಕಿದ್ದ ನೂರು ದೀನಾರಿಗಳ ಸಾಲ ಏನೂ ಅಲ್ಲವೆಂದು ನಾವು ಸಾಮಾನ್ಯವಾಗಿ ಕೇಳುತ್ತೇವೆ. ಒಂದು ದೀನಾರಿಯೆಂದರೆ ಆ ಕಾಲದ ಕೂಲಿಯಾಳಿನ ಒಂದು ದಿನದ ಸಂಬಳ. ನೂರು ದೀನಾರಿಗಳೆಂದರೆ ನೂರು ದಿನಗಳ ದುಡಿಮೆ. ಅದನ್ನು ಬಿಟ್ಟುಕೊಡುವವನಿಗೆ ನಿಜವಾಗಿಯೂ ನಷ್ಟವಾಗುತ್ತದೆ. ಆ ಹಿರಿಯರ ಮುಖವನ್ನು ನೋಡುತ್ತ ನಿಂತಾಗ, ನನಗೆ ಉಚಿತವಾಗಿ ಸಿಕ್ಕಿದ್ದಕ್ಕೆ ಬೇರೊಬ್ಬರು ಬೆಲೆ ತೆತ್ತಿದ್ದಾರೆಂಬುದು ಮೊದಲ ಬಾರಿಗೆ ಅರ್ಥವಾಯಿತು. ಶಿಲುಬೆಯ ಕುರಿತು ಚಿಕ್ಕಂದಿನಿಂದ ಕೇಳಿದ್ದ ಮಾತೂ ಅದೇ ಆಗಿತ್ತು.

ಕೊರತೆಗಳೂ ಇವೆ. ಗುಂಪಿನಲ್ಲಿ ಕೆಲವರು ಪ್ರತಿವಾರ ಅದೇ ಸಣ್ಣಪುಟ್ಟ ತಪ್ಪುಗಳನ್ನು ಹೇಳಿ ದೊಡ್ಡದನ್ನು ಮುಚ್ಚಿಡುತ್ತಾರೆ. ಮೊದಲ ನಾಲ್ಕು ತಿಂಗಳು ನಾನೂ ಹಾಗೆಯೇ ಮಾಡಿದೆ. ಸಲಹೆ ಕೊಡಬಾರದೆಂಬ ಸೂಚನೆಯನ್ನು ಮರೆಯುವವರಿದ್ದಾರೆ. ನನ್ನ ಮಟ್ಟಿಗೆ ಇವೆರಡಕ್ಕಿಂತ ಗಂಭೀರವಾದದ್ದು ಕ್ಷಮಿಸಲು ಅವಸರಪಡಿಸುವ ಅಪಾಯ. ಆ ಮೂರು ವಾರಗಳಲ್ಲಿ ಒಬ್ಬ ಸದಸ್ಯರು ಒಳ್ಳೆಯ ಮನಸ್ಸಿನಿಂದಲೇ, ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂಬ ವಚನವನ್ನು ಆ ಹಿರಿಯರಿಗೆ ನೆನಪಿಸಿದರು. ನೊಂದವರ ಮೇಲೆ ವಚನವನ್ನು ಹೊರಿಸುವುದು ತಪ್ಪೆಂದು ನಡೆಸುವವರು ಅಲ್ಲಿಯೇ ತಡೆದದ್ದರಿಂದ ಕೆಡುಕಾಗಲಿಲ್ಲ. ಅವರಷ್ಟು ವಿವೇಕವಿಲ್ಲದವರು ನಡೆಸಿದ್ದರೆ ಏನಾಗುತ್ತಿತ್ತೋ. ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ ಮುಂತಾದ ಅಪರಾಧಗಳು ಗೋಪ್ಯತೆಯ ನಿಯಮದ ಮರೆಯಲ್ಲಿ ಉಳಿಯುವುದಿಲ್ಲ, ಕಾನೂನಿನ ಮುಂದೆ ಹೋಗುತ್ತವೆ ಎಂಬುದನ್ನೂ ಸೇರುವ ದಿನವೇ ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಅದನ್ನು ಹೇಳಿದ್ದು ತಡವಾಗಿ, ಒಬ್ಬರು ಕೇಳಿದ ಮೇಲೆ.

ಕ್ಷಮೆ ಸಿಕ್ಕ ದಿನವೇ ವಿಶ್ವಾಸವೂ ಮರಳುತ್ತದೆಂದು ನಿರೀಕ್ಷಿಸಬಾರದು. ದುಃಖಪಟ್ಟವನನ್ನು ಕ್ಷಮಿಸಿ ಸಂತೈಸಿರಿ, ಇಲ್ಲವಾದರೆ ಅವನು ಅಧಿಕ ದುಃಖದಲ್ಲಿ ಮುಳುಗಿಹೋದಾನು ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಹೇಳುತ್ತಾನೆ. ಗುಂಪಿನವರು ನನ್ನನ್ನು ಹಾಗೆಯೇ ಸಂತೈಸಿದರು, ಒಂದು ವಾರವೂ ದೂರವಿಡಲಿಲ್ಲ. ಆದರೂ ಆ ಹಿರಿಯರು ನಾನಿರುವಾಗ ಮಗನ ವಿಷಯವನ್ನು ಹಲವು ತಿಂಗಳು ಎತ್ತಲಿಲ್ಲ, ಮತ್ತು ಅದು ನ್ಯಾಯವಾಗಿತ್ತು. ಕಳೆದ ತಿಂಗಳು ಕೂಟ ಮುಗಿದು ಎಲ್ಲರೂ ಹೊರಟ ಮೇಲೆ ಅವರು ನನ್ನನ್ನು ನಿಲ್ಲಿಸಿ, ಮಗನಿಗೆ ಪತ್ರ ಬರೆದಿರುವುದಾಗಿ ತಿಳಿಸಿ, ಅದಕ್ಕಾಗಿ ಪ್ರಾರ್ಥಿಸುವಂತೆ ಕೇಳಿಕೊಂಡರು.