ಮನೆಯಲ್ಲಿ ಗಾಜಿನ ಕೆತ್ತನೆ: ಕ್ರೀಮ್, ವಜ್ರದ ಮೊನೆ, ಮಿನಿ ಗ್ರೈಂಡರ್

ಮನೆಯಲ್ಲಿ ಗಾಜಿನ ಮೇಲೆ ಚಿತ್ತಾರ ಮೂಡಿಸಲು ಹೊರಟವರು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ: ಗಾಜಿನ ಮೇಲ್ಮೈಯನ್ನು ಕರಗಿಸಿ ಮಬ್ಬಾಗಿಸುವ ಎಚಿಂಗ್ ಕ್ರೀಮ್ ಹಚ್ಚುವುದು, ವಜ್ರದ ಮೊನೆಯಿರುವ ಪೆನ್ನಿನಿಂದ ಕೈಯಲ್ಲೇ ಗೀರುವುದು, ಇಲ್ಲವೇ ವಜ್ರದ ಪುಡಿ ಲೇಪಿಸಿದ ಬಿಟ್ ತೊಡಿಸಿದ ಮಿನಿ ಗ್ರೈಂಡರ್‌ನಿಂದ ಕೆತ್ತುವುದು. 1870ರಲ್ಲಿ ಅಮೆರಿಕದ ಬೆಂಜಮಿನ್ ಟಿಲ್ಗಮನ್ ಪೇಟೆಂಟ್ ಪಡೆದ ಸ್ಯಾಂಡ್‌ಬ್ಲಾಸ್ಟಿಂಗ್ (ಮರಳನ್ನು ರಭಸದಿಂದ ಚಿಮ್ಮಿಸಿ ಗಾಜನ್ನು ಕೊರೆಯುವುದು) ನಾಲ್ಕನೆಯದು. ಅದಕ್ಕೆ ಕಂಪ್ರೆಸರ್ ಮತ್ತು ಮುಚ್ಚಿದ ಪೆಟ್ಟಿಗೆ ಬೇಕು, ಸಾಮಾನ್ಯ ಮರಳಿನ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಆದ್ದರಿಂದ ಅದನ್ನು ಕಾರ್ಖಾನೆಗಳಿಗೇ ಬಿಟ್ಟು ಉಳಿದ ಮೂರನ್ನು ಮಾತ್ರ ಪ್ರಯೋಗಿಸಿ ನೋಡಿದ್ದೇನೆ.

ಕ್ರೀಮ್ ಬಹುಬೇಗ ಫಲ ಕೊಡುತ್ತದೆ. ವೈನಿಲ್ ಸ್ಟಿಕ್ಕರ್‌ನಲ್ಲಿ ಆಕಾರವನ್ನು ಕತ್ತರಿಸಿ ಅಂಟಿಸಿ, ಗಾಜಿನ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ಕ್ರೀಮನ್ನು ದಪ್ಪವಾಗಿ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ತೊಳೆದರೆ, ಚೂಪಾದ ಅಂಚಿನ ಹಾಲುಬಿಳುಪಿನ ಆಕಾರ ಉಳಿಯುತ್ತದೆ. ಕನ್ನಡ ಅಕ್ಷರಗಳ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ. ‘ಠ’, ‘ಅ’ ಮೊದಲಾದವುಗಳ ಒಳಗಿನ ತುಂಡುಗಳು ಕಾಗದದ ಅಚ್ಚಿನಲ್ಲಿ ಉದುರಿಹೋದರೆ, ಸ್ಟಿಕ್ಕರ್‌ನಲ್ಲಿ ಗಾಜಿಗೆ ಅಂಟಿಕೊಂಡೇ ಇರುತ್ತವೆ. ಆದರೆ ಅಂಗೈ ಅಗಲದ ಜಾಗವನ್ನು ಪೂರ್ತಿ ಮಬ್ಬಾಗಿಸಲು ಹೋದಾಗ ನನಗೆ ಕಂಡದ್ದು ಮೋಡ ಮೋಡವಾದ ಕಲೆಗಳೇ. ಒಲೆಯ ಮೇಲಿಡುವ ಬೊರೊಸಿಲಿಕೇಟ್ (ಬಿಸಿ ತಾಳುವ ಗಾಜು) ಪಾತ್ರೆಯ ಮೇಲಂತೂ ಗುರುತು ತೀರ ಮಂಕಾಗಿತ್ತು.

ಕ್ರೀಮ್‌ನ ನಿಜವಾದ ಬೆಲೆಯೆಂದರೆ ಅದರ ಅಪಾಯ. ಅದರಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಬೈಫ್ಲೋರೈಡ್. ಆಮ್ಲೀಯ ದ್ರಾವಣದಲ್ಲಿ ಅದರಿಂದ ಹುಟ್ಟುವ ಹೈಡ್ರೋಫ್ಲೋರಿಕ್ ಆಮ್ಲ ಗಾಜಿನ ಸಿಲಿಕಾವನ್ನು ಕರಗಿಸುತ್ತದೆ. ಫ್ಲೋರೈಡ್ ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತದೆ. ನೋವು ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುವುದರಿಂದ, ಉರಿಯಲಿಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ. ಮೈಗೆ ತಾಗಿದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆದು, ಡಬ್ಬಿಯನ್ನೂ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಬೇಕು. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಮುಚ್ಚಳವನ್ನೇ ತೆರೆಯಬಾರದು. ತೊಳೆಯುವುದಕ್ಕೂ ಪ್ಲಾಸ್ಟಿಕ್ ಬಕೆಟ್ಟೇ ಸರಿ, ಏಕೆಂದರೆ ಪಿಂಗಾಣಿ ಸಿಂಕಿನ ಹೊಳಪೂ ಒಂದು ಬಗೆಯ ಗಾಜೇ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ವಜ್ರದ ಮೊನೆಯ ಪೆನ್ನಿಗೆ ಕರೆಂಟ್ ಬೇಡ, ರಾಸಾಯನಿಕ ಬೇಡ, ಸದ್ದೂ ಇಲ್ಲ. ಮೋಹ್ಸ್ ಮಾಪಕದಲ್ಲಿ ಗಾಜಿನ ಗಡಸುತನ ಸುಮಾರು 5.5, ವಜ್ರದ್ದು 10. ಹೀಗಾಗಿ ಬಲ ಹಾಕಬೇಕಾಗಿಲ್ಲ, ಹಾಕಿದರೆ ಗೆರೆಯ ಅಂಚು ಚಕ್ಕೆ ಏಳುತ್ತದೆ. ಹೊಸಬರಿಗೆ ತೊಡಕಾಗುವುದು ಗಾಜಿನ ಮೇಲೆ ನೆರಳು ಬೆಳಕು ತಿರುವುಮುರುವಾಗುವುದು. ಕಾಗದದಲ್ಲಿ ಗೆರೆಯೇ ಕತ್ತಲೆ, ಇಲ್ಲಿ ರಂಗೋಲಿಯಲ್ಲಿರುವಂತೆ ಗೆರೆಯೇ ಬೆಳಕು. ಮೊದಲು ಕಪ್ಪು ಕಾಗದದ ಮೇಲೆ ಬಿಳಿ ಪೆನ್ಸಿಲ್‌ನಿಂದ ಬಿಡಿಸಿ, ಆಮೇಲೆ ಗಾಜಿನ ಹಿಂದೆ ಕಪ್ಪು ಬಟ್ಟೆಯಿಟ್ಟು ಕೆಲಸಕ್ಕೆ ಕುಳಿತರೆ ಈ ತೊಡಕು ಬೇಗ ಬಿಡುತ್ತದೆ. ದುಂಡಗಿನ ತಿರುವುಗಳಲ್ಲಿ ಮೊನೆ ಜಾರುತ್ತದೆ. ಅಲ್ಲಿ ಗೆರೆ ಎಳೆಯುವ ಬದಲು ಚುಕ್ಕಿಗಳನ್ನು ಕುಟ್ಟುವುದು ಸುಲಭ. ಹದಿನೆಂಟನೇ ಶತಮಾನದಲ್ಲಿ ನೆದರ್‌ಲ್ಯಾಂಡ್ಸ್‌ನ ಫ್ರಾನ್ಸ್ ಗ್ರೀನ್‌ವುಡ್ ಚುಕ್ಕಿಗಳನ್ನು ಒತ್ತಾಗಿಯೂ ವಿರಳವಾಗಿಯೂ ಇಟ್ಟು ಇಡೀ ಚಿತ್ರಗಳನ್ನು ಮೂಡಿಸಿದ್ದು ಈ ಕ್ರಮದಿಂದಲೇ. ನಿಧಾನವೆಂಬುದೊಂದೇ ಇದರ ಕೊರತೆ, ಕಲಿಯುವವರಿಗೆ ನನ್ನ ಮಟ್ಟಿಗೆ ಅದೂ ಕೊರತೆಯಲ್ಲ.

ಮಿನಿ ಗ್ರೈಂಡರ್ ಇವೆರಡರಿಂದ ಆಗದ ಆಳವನ್ನು ಕೊಡುತ್ತದೆ: ಬೆರಳಿಗೆ ತಗಲುವ ಎಸಳುಗಳು, ದಪ್ಪ ತೆಳುವಾಗುವ ಗೆರೆಗಳು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಹಾರ್ಡ್‌ವೇರ್ ಪೇಟೆಯಲ್ಲಿ ಯಂತ್ರವೂ ಬಿಟ್‌ಗಳೂ ಸಿಗುತ್ತವೆ. ಕಡಿಮೆ ವೇಗದಲ್ಲಿ, ಗಾಜನ್ನು ಒದ್ದೆ ಸ್ಪಂಜಿನಿಂದ ಆಗಾಗ ತೇವಗೊಳಿಸುತ್ತ ಕೆತ್ತಬೇಕು. ನೀರು ಧೂಳನ್ನೂ ಬಿಸಿಯನ್ನೂ ಹಿಡಿಯುತ್ತದೆ, ಒಣಗಾಜಿನ ಮೇಲೆ ಬಿಟ್ ಬೇಗ ಸವೆಯುತ್ತದೆ. ನೀರು ಮೋಟಾರಿಗೆ ತಾಗದಂತೆ ಬ್ಯಾಟರಿ ಯಂತ್ರವನ್ನೋ ಉದ್ದನೆಯ ಫ್ಲೆಕ್ಸಿಬಲ್ ಶಾಫ್ಟನ್ನೋ ಬಳಸುವುದು ಕ್ಷೇಮ. ಮಾಸ್ಕ್ ಮತ್ತು ಕನ್ನಡಕ ಇಲ್ಲಿಯೂ ತಪ್ಪುವುದಿಲ್ಲ. ಟಫನ್ಡ್ ಗಾಜನ್ನು (ಕಾಯಿಸಿ ಬೇಗನೆ ತಣಿಸಿ ಗಟ್ಟಿಗೊಳಿಸಿದ ಗಾಜು) ಮಾತ್ರ ಮುಟ್ಟಬಾರದು, ಒಳಗಿನ ಬಿಗಿತದಿಂದಾಗಿ ಅದು ಒಮ್ಮೆಲೇ ಪುಡಿಯಾಗಬಹುದು. ಅಭ್ಯಾಸಕ್ಕೆ ಖಾಲಿ ಜಾಮ್ ಬಾಟಲಿ ಸಾಕು.

ಕೈ ಪಳಗಿಸಬೇಕೆನ್ನುವವರು ಪೆನ್ನಿನಿಂದ ಆರಂಭಿಸಿ ಗ್ರೈಂಡರ್‌ಗೆ ಹೋಗಲಿ. ಒಂದೇ ಹೆಸರನ್ನು ಹತ್ತಾರು ಲೋಟಗಳ ಮೇಲೆ ಮೂಡಿಸಬೇಕಾದವರಿಗೆ ಮಾತ್ರ ಕ್ರೀಮ್. ಎರಡನ್ನು ಬೆರೆಸುವುದಾದರೆ, ಕ್ರೀಮ್‌ನಿಂದ ಮಬ್ಬಾದ ಎಲೆಯ ಮೇಲೆ ಪೆನ್ನಿನ ಸಣ್ಣ ಗೀರು ಕಾಣುವುದೇ ಇಲ್ಲ. ಎಲೆಯ ನರಗಳನ್ನು ಸ್ಟಿಕ್ಕರ್‌ನಲ್ಲೇ ಬಿಟ್ಟುಕೊಂಡು, ಪೆನ್ನನ್ನು ಸುತ್ತಲಿನ ತಿಳಿಗಾಜಿನ ಬಳ್ಳಿ ಕುಡಿಗಳಿಗೆ ಬಳಸಬೇಕು.