ನೆಟ್ ಹೋದಾಗ ಗೂಗಲ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ

ಮನೆಯ ವೈಫೈ ನಿಂತಾಗ, ಅಥವಾ ರೌಟರಿನ ಲಾಗಿನ್ ಪುಟ ತೆರೆಯದಿದ್ದಾಗ, ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಯಾವುದೋ 'ಹೆಲ್ಪ್‌ಲೈನ್' ನಂಬರಿಗೆ ದಯವಿಟ್ಟು ಫೋನ್ ಮಾಡಬೇಡಿ. ಧಾರವಾಡದಲ್ಲಿರುವ ನಮ್ಮ ಕಾಕಾ ಹೀಗೆ ಫೋನ್ ಮಾಡಿ 43,000 ರೂಪಾಯಿ ಕಳೆದುಕೊಂಡರು. ಅವರು ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದವರು, ದುಡ್ಡಿನ ವಿಷಯದಲ್ಲಿ ಬಹಳ ಹುಷಾರು. ಒಟಿಪಿ ಯಾರಿಗೂ ಹೇಳಬಾರದು ಅಂತ ಅವರಿಗೆ ಗೊತ್ತಿತ್ತು. ಹೇಳಲೂ ಇಲ್ಲ. ಆದರೂ ದುಡ್ಡು ಹೋಯಿತು. ಅದಕ್ಕೇ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ.

ಕಾಕಾನ ಮನೆ ಸಪ್ತಾಪುರದ ಕಡೆ. ಆ ವಾರ ಮಳೆ-ಗಾಳಿ ಜೋರಿತ್ತು. ಒಂದು ಬೆಳಗ್ಗೆ ನೆಟ್ ಹೋಯಿತು. ಫೋನಿನಲ್ಲಿ ವೈಫೈ ಗುರುತು ಪೂರ್ತಿ ಇದೆ, 'ಕನೆಕ್ಟೆಡ್' ಅಂತಲೂ ತೋರಿಸುತ್ತಿದೆ, ಆದರೆ ಏನೂ ತೆರೆಯುತ್ತಿಲ್ಲ. ಮೇಲಿನ ಮನೆಯ ಬಾಡಿಗೆ ಹುಡುಗರು ಪಾಸ್‌ವರ್ಡ್ ತಿಳಿದುಕೊಂಡು ಬಳಸುತ್ತಿರಬೇಕು ಅಂತ ಅವರಿಗೆ ಅನುಮಾನ. ಪರಿಚಯದವರೊಬ್ಬರು "192.168.1.1 ಅಂತ ಹೊಡೀರಿ ಸರ್, ರೌಟರ್ ಒಳಗ ಹೋಗಿ ಪಾಸ್‌ವರ್ಡ್ ಬದ್ಲಿ ಮಾಡ್ರಿ" ಅಂದರು. ಸಲಹೆ ಸರಿಯಾದದ್ದೇ. ಕಾಕಾ ಫೋನಿನಲ್ಲಿ ಕಾಣುವ ಗೂಗಲ್ ಪಟ್ಟಿಯಲ್ಲಿ ಆ ಅಂಕಿಗಳ ಜೊತೆ 'ಲಾಗಿನ್' ಅಂತಲೂ ಸೇರಿಸಿ ಹೊಡೆದರು. ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಫೋನು ಅಷ್ಟೊತ್ತಿಗೆ ತಾನಾಗಿಯೇ ಮೊಬೈಲ್ ಡೇಟಾಗೆ ಹೊರಳಿತ್ತು. ರೌಟರಿನ ಪುಟ ಬರಲಿಲ್ಲ. ಗೂಗಲ್ ಹುಡುಕಿ ಕೊಟ್ಟ ಪುಟಗಳ ಪಟ್ಟಿ ಬಂತು. ಅದರಲ್ಲೊಂದು ಪುಟದಲ್ಲಿ ದೊಡ್ಡದಾಗಿ ರೌಟರ್ ಚಿತ್ರ, ಕೆಳಗೆ ಒಂದು ಫೋನ್ ನಂಬರ್.

ಆ ಕಡೆಯವನು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ ಮಾತಾಡಿದ. ಮೊದಲು ರೌಟರ್ ತಿರುಗಿಸಿ ತಳದ ಸ್ಟಿಕರ್ ಓದಿಸಿದ. ಮಾಡೆಲ್, ಸೀರಿಯಲ್ ನಂಬರ್ ಎಲ್ಲ ಬರೆದುಕೊಂಡಂತೆ ಮಾಡಿದ. ಕಾಕಾನಿಗೆ ಪೂರ್ತಿ ನಂಬಿಕೆ ಬಂದದ್ದು ಇಲ್ಲೇ. ಆಮೇಲೆ ಹಿಂದಿನ ಸಣ್ಣ ತೂತಿನಲ್ಲಿ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿಯಲು ಹೇಳಿದ. ಅದು ರೀಸೆಟ್ ಬಟನ್. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹತ್ತಿದವು. "ನೋಡಿ, ನಿಮ್ಮ ಐಪಿ ಎಕ್ಸ್‌ಪೈರ್ ಆಗಿದೆ, ಹತ್ತು ರೂಪಾಯಿ ಕಟ್ಟಿ ರಿನ್ಯೂ ಮಾಡಬೇಕು, ಉಳಿದ ಸೆಟ್ಟಿಂಗ್ ನಾವು ಇಲ್ಲಿಂದಲೇ ಮಾಡುತ್ತೇವೆ" ಅಂತ ಒಂದು ಆ್ಯಪ್ ಹಾಕಿಸಿದ. ಪ್ಲೇ ಸ್ಟೋರಿನಲ್ಲೇ ಸಿಗುವ ಆ್ಯಪ್. ಅದನ್ನು ಹಾಕಿ ಒಪ್ಪಿಗೆ ಕೊಟ್ಟರೆ ನಮ್ಮ ಪರದೆಯ ಮೇಲೆ ಕಾಣುವುದೆಲ್ಲ ಅವನಿಗೂ ಕಾಣುತ್ತದೆ. ಕಚೇರಿಗಳಲ್ಲಿ ಕಂಪ್ಯೂಟರ್ ರಿಪೇರಿಗೆ ಅಂಥ ಆ್ಯಪ್ ಬಳಸುತ್ತಾರೆ, ಹಾಗಾಗಿ ಪ್ಲೇ ಸ್ಟೋರಿನಲ್ಲಿದೆ ಅಂದ ಮಾತ್ರಕ್ಕೆ ಧೈರ್ಯ ಮಾಡಬೇಡಿ.

ಹತ್ತು ರೂಪಾಯಿ ಕಟ್ಟಲು ಒಂದು ಲಿಂಕ್ ಬಂತು. ಕಾಕಾ ಡೆಬಿಟ್ ಕಾರ್ಡಿನ ವಿವರ ತುಂಬಿದರು. ಒಟಿಪಿಯ ಮೆಸೇಜು ಬಂದಾಗ ಪರದೆಯ ಮೇಲುಗಡೆ ಒಂದು ಕ್ಷಣ ಇಳಿದು ಕಾಣುತ್ತದೆ ಅಲ್ವಾ? ಅಷ್ಟೇ ಸಾಕಾಯಿತು. ಆತ ಒಟಿಪಿ ಕೇಳಲೇ ಇಲ್ಲ, ತಾನೇ ಓದಿಕೊಂಡ. ಮೊದಲು 25,000 ಹೋಯಿತು, ಸ್ವಲ್ಪ ಹೊತ್ತಿಗೆ 18,000. ಕಾಕು ಒಳಗಿನಿಂದ "ಯಾರ ಜೋಡಿ ಇಷ್ಟೊತ್ತು ಮಾತಾಡಾಕತ್ತೀರಿ?" ಅಂತ ಕೇಳಿದರಂತೆ. "ನೆಟ್‌ನವ್ರು" ಅಂದರಂತೆ ಕಾಕಾ.

ನನಗೆ ಸುದ್ದಿ ಬಂದದ್ದು ಎರಡನೇ ಮೆಸೇಜ್ ನೋಡಿ ಕಾಕು ಗಾಬರಿಯಾದ ಮೇಲೆ. ನಾನಿದ್ದದ್ದು ಹುಬ್ಬಳ್ಳಿಯಲ್ಲಿ. ಫೋನಿನಲ್ಲೇ ಮೊದಲು ಹೇಳಿದ್ದು: ಕಾಕಾನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕಾಕುವಿನ ಫೋನಿನಿಂದ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ, ಕೂಡಲೇ 1930ಕ್ಕೆ ಫೋನ್ ಮಾಡಿ. 1930 ಅಂದರೆ ಆನ್‌ಲೈನ್ ಮೋಸದ ದೂರಿಗೆ ಇಡೀ ದೇಶಕ್ಕೆ ಇರುವ ಸಹಾಯವಾಣಿ. ಹಳೇ ಡೈರಿಯಲ್ಲಿ ಇದರ ಹಿಂದಿನ ನಂಬರ್ 155260 ಅಂತ ಬರೆದಿಟ್ಟುಕೊಂಡಿದ್ದರೆ ಅದನ್ನು ತಿದ್ದಿಕೊಳ್ಳಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ, ದಾಟುವ ಮೊದಲೇ ತಡೆದರೆ ಮಾತ್ರ ಉಳಿಯುತ್ತದೆ. ಎರಡನೇ ಮೊತ್ತವನ್ನು ಹೀಗೆ ತಡೆಹಿಡಿಯಲು ಆಯಿತು. ಮೊದಲನೆಯದು ಇನ್ನೂ ಸಿಕ್ಕಿಲ್ಲ.

ಬ್ಯಾಂಕಿಗೆ ತಿಳಿಸುವುದರಲ್ಲಿ ತಡ ಯಾಕೆ ಮಾಡಬಾರದು ಅಂದರೆ, 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಗ್ರಾಹಕರೇ ವಿವರ ಕೊಟ್ಟು ದುಡ್ಡು ಹೋಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಆದ್ದರಿಂದ ನಾಚಿಕೆಪಟ್ಟು ಸಂಜೆಯವರೆಗೆ ಸುಮ್ಮನೆ ಕೂರಬೇಡಿ. ಮನೆಯ ಹಿರಿಯರಿಗೆ ಇಂಥದ್ದು ಆದರೆ ಬೈಯಲೂ ಬೇಡಿ. ಬೈಗುಳಕ್ಕೆ ಹೆದರಿಯೇ ಎಷ್ಟೋ ಜನ ವಿಷಯ ಮುಚ್ಚಿಡುತ್ತಾರೆ.

ಇನ್ನು ನನಗೆ ಬಹಳ ಸಂಕಟ ತಂದ ಮಾತು. ಅವತ್ತು ರೌಟರಿನ ಒಳಗೆ ಹೋಗುವ ಅಗತ್ಯವೇ ಇರಲಿಲ್ಲ. ನಾನು ಧಾರವಾಡಕ್ಕೆ ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿನುಗುತ್ತಿತ್ತು. ಹೊರಗಿನ ಫೈಬರ್ ತಂತಿಯಿಂದ ಬೆಳಕು ಬರುತ್ತಿಲ್ಲ ಅಂತ ಅದರ ಅರ್ಥ. ಆ ದೀಪ ಕೆಂಪಾಗಿದ್ದರೆ ಯಾವ ಪಾಸ್‌ವರ್ಡ್ ಬದಲಿಸಿದರೂ, ಯಾವ ಸೆಟ್ಟಿಂಗ್ ಮಾಡಿದರೂ ನೆಟ್ ಬರುವುದಿಲ್ಲ. ತಂತಿ ಕಿಟಕಿಯ ಚೌಕಟ್ಟಿನ ಮೂಲಕ ಒಳಗೆ ಬರುತ್ತದೆ. ಮಳೆ ಎರಚಲು ಹೊಡೆಯುತ್ತದೆ ಅಂತ ಯಾರೋ ಕಿಟಕಿ ಬಿಗಿಯಾಗಿ ಎಳೆದು ಹಾಕಿದ್ದರು. ಬಾಗಿಲು ಮತ್ತು ಚೌಕಟ್ಟಿನ ನಡುವೆ ಸಿಕ್ಕಿ ತಂತಿ ಚಪ್ಪಟೆಯಾಗಿ, ಅಲ್ಲಿಯೇ ಮಡಚಿಕೊಂಡಿತ್ತು. ಒಳಗಿರುವುದು ಗಾಜಿನ ಎಳೆ, ಹಾಗೆ ಮಡಚಿದರೆ ಬೆಳಕು ದಾಟುವುದಿಲ್ಲ. ಲೈನ್ ಹುಡುಗ ಬಂದು ಆ ತುಂಡು ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ. ಕೆಂಪು ದೀಪ ಆರಿ, ಫೈಬರ್ ಲೈನ್ ಸರಿಯಿದೆ ಅಂತ ತೋರಿಸುವ ಪಾನ್ ದೀಪ ಹಸಿರಾಯಿತು. ಆದರೂ ನೆಟ್ ಬರಲಿಲ್ಲ. ಯಾಕಂದರೆ ರೀಸೆಟ್ ಒತ್ತಿಸಿದಾಗ ರೌಟರಿನೊಳಗಿದ್ದ ಪಿಪಿಪಿಒಇ, ಅಂದರೆ ನೆಟ್ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿತ್ತು. ಅದನ್ನು ಮತ್ತೆ ಹಾಕಿಸಬೇಕಾಯಿತು. ನೆಟ್ ಕೊಟ್ಟವರು ಹೇಳದೆ ಆ ತೂತಿಗೆ ಪಿನ್ ಹಾಕಲೇಬೇಡಿ. ಸ್ವಿಚ್ ಆರಿಸಿ, ಒಂದೆರಡು ನಿಮಿಷ ಬಿಟ್ಟು ಹಚ್ಚುವುದು ಬೇರೆ, ಅದರಿಂದ ಏನೂ ಅಳಿಸುವುದಿಲ್ಲ.

ಹಾಗಾಗಿ ಮೊದಲು ದೀಪ ನೋಡಿ. ಎಲ್‌ಒಎಸ್ ಕೆಂಪಾಗಿದ್ದರೆ ಲೈನ್ ತೊಂದರೆ, ದೂರು ಕೊಡಿ. ತಂತಿಯನ್ನು ಕಿತ್ತು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಅದರೊಳಗಿನ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ಪಾನ್ ಹಸಿರಿದ್ದು ಇಂಟರ್ನೆಟ್ ದೀಪ ಮಾತ್ರ ಇಲ್ಲದಿದ್ದರೆ ಬಿಲ್ ಬಾಕಿ ಇರಬಹುದು, ಅಥವಾ ಅವರ ಕಡೆಯ ಲಾಗಿನ್ ತೊಂದರೆ. ಎಲ್ಲ ಸರಿಯಿದ್ದು ಒಂದು ಕೋಣೆಯಲ್ಲಿ ಮಾತ್ರ ಬರದಿದ್ದರೆ ಗೋಡೆಯ ಕಾರಣವೂ ಇರುತ್ತದೆ. ನಮ್ಮ ಕಡೆಯ ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟುವುದು 5 ಗಿಗಾಹರ್ಟ್ಸ್ ವೈಫೈಗೆ ಕಷ್ಟ. ಅಲ್ಲಿ 2.4 ಗಿಗಾಹರ್ಟ್ಸ್ ವೈಫೈ ಹಿಡಿಯಿರಿ.

ಪಾಸ್‌ವರ್ಡ್ ಬದಲಿಸಲು ರೌಟರಿನ ಒಳಗೆ ಹೋಗಲೇಬೇಕು ಅಂದಾಗ ಒಂದು ವಿಷಯ ಗಟ್ಟಿಯಾಗಿ ತಿಳಿದಿರಲಿ. 192.168 ರಿಂದ ಶುರುವಾಗುವ ವಿಳಾಸಗಳು ಮನೆ, ಕಚೇರಿಯ ಒಳಬಳಕೆಗೆ ಅಂತಲೇ ಮೀಸಲಿಟ್ಟವು. ಮನೆಯೊಳಗಿನ ಕೋಣೆಯ ಬಾಗಿಲಿದ್ದ ಹಾಗೆ, ಒಳಗಿದ್ದವರಿಗೆ ಮಾತ್ರ ಸಿಗುತ್ತದೆ. ಲಕ್ಷಾಂತರ ಮನೆಗಳಲ್ಲಿ ಅದೇ ಅಂಕಿ ಇದೆ. ಐಪಿ ಅಂದರೆ ಇಂಥ ವಿಳಾಸವೇ. ಅದು ಎಕ್ಸ್‌ಪೈರ್ ಆಗುವುದಿಲ್ಲ, ಅದಕ್ಕೆ ರಿನ್ಯೂವಲ್ ಇಲ್ಲ, ಹತ್ತು ರೂಪಾಯಿ ಫೀಸೂ ಇಲ್ಲ. ಇಂಟರ್ನೆಟ್ ಪೂರ್ತಿ ಸತ್ತಿದ್ದರೂ ಆ ಪುಟ ತೆರೆಯುತ್ತದೆ. ವೈಫೈ ಹಚ್ಚಿ, ಮೊಬೈಲ್ ಡೇಟಾ ಆರಿಸಿ, ಬ್ರೌಸರಿನ ವಿಳಾಸದ ಜಾಗದಲ್ಲಿ ಬರೀ ಅಂಕಿಗಳನ್ನು ಹೊಡೆಯಿರಿ. ಒಂದರ ಬದಲು ಇಂಗ್ಲಿಷಿನ 'ಎಲ್' ಅಕ್ಷರ ಬಿದ್ದರೆ ಮತ್ತೆ ಹುಡುಕಾಟಕ್ಕೇ ಹೋಗುತ್ತದೆ. ಎಲ್ಲ ರೌಟರಿನದೂ 192.168.1.1 ಆಗಿರುವುದಿಲ್ಲ, 192.168.0.1 ಅಥವಾ 192.168.29.1 ಕೂಡ ಇರುತ್ತದೆ. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ಕನೆಕ್ಷನ್ ಒತ್ತಿದರೆ 'ಗೇಟ್‌ವೇ' ಅಂತ ಸರಿಯಾದ ವಿಳಾಸ ಸಿಗುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಸಾಮಾನ್ಯವಾಗಿ ತಳದ ಸ್ಟಿಕರಿನಲ್ಲೇ ಇರುತ್ತವೆ. ದೂರಿನ ನಂಬರನ್ನು ಬಿಲ್ಲಿನಿಂದ ಅಥವಾ ಕಂಪನಿಯ ಆ್ಯಪ್‌ನಿಂದ ತೆಗೆದುಕೊಂಡು, ಇವತ್ತೇ ರೌಟರಿನ ಮೇಲೆ ಒಂದು ಚೀಟಿ ಅಂಟಿಸಿ.

ಕಾಕಾನ ಕಥೆ ಅಲ್ಲಿಗೆ ಮುಗಿಯಲಿಲ್ಲ. ದೂರು ಕೊಟ್ಟ ಕೆಲವು ದಿನಕ್ಕೆ ಬೇರೆ ನಂಬರಿನಿಂದ ಕರೆ ಬಂತು. "ಸೈಬರ್ ಇಲಾಖೆಯವರು, ನಿಮ್ಮ 25,000 ವಾಪಸ್ ಬಂದಿದೆ, ಬಿಡಿಸಿಕೊಳ್ಳಲು 499 ಕಟ್ಟಿ" ಅಂತ. ಒಮ್ಮೆ ಮೋಸ ಹೋದವರ ನಂಬರನ್ನು ಹಿಡಿದು ಹೀಗೆ ಮತ್ತೆ ಸುಲಿಯುತ್ತಾರೆ. ದುಡ್ಡು ವಾಪಸ್ ಕೊಡಿಸಲು ಯಾವ ಠಾಣೆಯೂ ಫೀಸು ಕೇಳುವುದಿಲ್ಲ. ಅನುಮಾನ ಬಂದರೆ 1930ರಲ್ಲಿ ಕೊಟ್ಟ ದೂರಿನ ಸಂಖ್ಯೆ ಹಿಡಿದು ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ನೀವೇ ಹೋಗಿ ಕೇಳಿ. ಕಾಕಾ ಈ ಸಲ ಕರೆ ಕತ್ತರಿಸಿ, ಆ ನಂಬರನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಮೋಸದ ಕರೆ ತಿಳಿಸಲು ಇರುವ 'ಚಕ್ಷು'ವಿನಲ್ಲಿ ದಾಖಲಿಸಿದರು.