ಕರ್ಟನ್ ಇತ್ತು, ಕಿಟಕಿ ಇರಲಿಲ್ಲ: ಕ್ವಾಲಾಲಂಪುರಕ್ಕೆ ಹೊರಟವರು ಸ್ವಲ್ಪ ನೋಡಿ

ದಸರಾ ರಜೆಯಲ್ಲಿ ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಮಲೇಷ್ಯಾಕ್ಕೆ ಹೋಗಿ ಬಂದೆವು. 2023ರ ಡಿಸೆಂಬರ್‌ನಲ್ಲಿ ಅವರು ನಮಗೆ ವೀಸಾ ಬೇಡ ಅಂದಾಗಿನಿಂದ ಜಯನಗರದ ನಮ್ಮ ರಸ್ತೆಯಲ್ಲೇ ಎಷ್ಟೋ ಮನೆಯವರು ಹೋಗಿ ಬಂದರು, ಇನ್ನೂ ಕೆಲವರು ಹೊರಟಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಊರಿನ ಬಗ್ಗೆ ತಕರಾರಿಲ್ಲ. ತಕರಾರು ಇರೋದು ಹೋಟೆಲ್ ಬಗ್ಗೆ.

ಕ್ವಾಲಾಲಂಪುರದ ಬುಕಿತ್ ಬಿನ್ತಾಂಗ್ ಅನ್ನೋ ಏರಿಯಾ ಹತ್ತಿರ ಮೂರು ಮಂಚದ ರೂಮು, ರಾತ್ರಿಗೆ 140 ರಿಂಗಿಟ್. ಆಗ ಒಂದು ರಿಂಗಿಟ್‌ಗೆ ಸುಮಾರು 20 ರೂಪಾಯಿ. ಆ್ಯಪ್‌ನಲ್ಲಿದ್ದ ಫೋಟೋದಲ್ಲಿ ಗೋಡೆಯಗಲ ಕಿಟಕಿ, ಆಚೆ ಪೆಟ್ರೋನಾಸ್ ಗೋಪುರಗಳ ದೀಪ. ಹಿಂದೆಮುಂದೆ ನೋಡದೆ ನಾಲ್ಕು ರಾತ್ರಿಗೆ ಬುಕ್ ಮಾಡಿದೆ.

ನಮ್ಮ ವಿಮಾನ ಇಳಿದಾಗ ಬೆಳಗಿನ ಜಾವ. ರೂಮು ಕೊಡೋದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಅಮ್ಮ ಲಾಬಿಯ ಸೋಫಾದಲ್ಲಿ ತೂಕಡಿಸಿಕೊಂಡು ಕೂತಿದ್ದರು (ಇದು ಹೋಟೆಲಿನವರ ತಪ್ಪಲ್ಲ, ನನ್ನದೇ). ಕೌಂಟರಿನಲ್ಲಿ ಟೂರಿಸಂ ಟ್ಯಾಕ್ಸ್ ಅಂತ 40 ರಿಂಗಿಟ್ ಕೇಳಿದರು. ಅದಕ್ಕೆ ಜಗಳ ಆಡಬೇಡಿ, ವಿದೇಶಿಯರಿಗೆ ಒಂದು ರೂಮಿಗೆ ದಿನಕ್ಕೆ 10 ರಿಂಗಿಟ್ ಅನ್ನೋದು ಅಲ್ಲಿನ ಸರ್ಕಾರದ್ದೇ ತೆರಿಗೆ. ಅದರ ಮೇಲೆ 200 ರಿಂಗಿಟ್ ಡಿಪಾಸಿಟ್. ಡೆಬಿಟ್ ಕಾರ್ಡ್ ಕೊಟ್ಟೆ. ಮಷಿನ್ ರೂಪಾಯಿನಾ ರಿಂಗಿಟ್ಟಾ ಅಂತ ಕೇಳಿತು. ನಮ್ಮ ದುಡ್ಡೇ ಇರಲಿ ಅಂತ ರೂಪಾಯಿ ಒತ್ತಿದೆ. ಅದು ದಡ್ಡತನ. ರೂಪಾಯಿ ಒತ್ತಿದರೆ ಮಷಿನ್‌ನವರು ತಮಗೆ ಬೇಕಾದ ರೇಟು ಹಾಕಿಕೊಳ್ಳುತ್ತಾರೆ, ಯಾವಾಗಲೂ ಆ ದೇಶದ ದುಡ್ಡನ್ನೇ ಒತ್ತಬೇಕು.

ರೂಮಿಗೆ ಹೋದರೆ ಸಿಗರೇಟಿನ ವಾಸನೆ, ಮೂಲೆಯಲ್ಲಿ ಬೂಷ್ಟು. ಗಾಳಿ ಬರಲಿ ಅಂತ ಅಮ್ಮ ಹೋಗಿ ಕರ್ಟನ್ ಎಳೆದರು. ಹಿಂದೆ ಗೋಡೆ. ಕಿಟಕಿಯೇ ಇಲ್ಲ, ಬಣ್ಣ ಬಳಿದ ಬರೀ ಗೋಡೆ, ಅದರಲ್ಲಿ ಹಳೇ ಮೊಳೆಯ ಎರಡು ತೂತು. ಅಮ್ಮ ಬೆರಳಿನ ಗೆಣ್ಣಿನಿಂದ ಒಂದು ಸಲ ತಟ್ಟಿ ನೋಡಿದರು.

"ಇದೇನೋ ಇದು, ಗೋಡೆಗೆ ಸೀರೆ ಉಡಿಸಿದ್ದಾರೆ!"

ಕೆಳಗೆ ಓಡಿದೆ. ಕೌಂಟರಿನ ಹುಡುಗಿ ನಗುತ್ತಲೇ ಬುಕ್ಕಿಂಗ್ ಹಾಳೆಯಲ್ಲಿ ರೂಮಿನ ಹೆಸರಿನ ಕೆಳಗೆ ಬೆರಳಿಟ್ಟಳು: 'ಸ್ಟ್ಯಾಂಡರ್ಡ್ ಟ್ರಿಪಲ್, ನೋ ವಿಂಡೋ'. ನನ್ನ ಫೋನಿನಲ್ಲಿ 'ಟ್ರಿಪಲ್' ಆದ ಮೇಲೆ ಮೂರು ಚುಕ್ಕಿ ಇತ್ತು ಅಷ್ಟೇ, ಉಳಿದದ್ದು ಸ್ಕ್ರೀನಿನಲ್ಲಿ ಹಿಡಿಸಿರಲಿಲ್ಲ. ಫೋಟೋ ಬೇರೆ ರೂಮಿನದಂತೆ. ಕಿಟಕಿ ಇರೋ ರೂಮು ಬೇಕಂದರೆ ದಿನಕ್ಕೆ ಇನ್ನೂ 60 ರಿಂಗಿಟ್, ಅದೂ ಇವತ್ತು ಖಾಲಿ ಇಲ್ಲ. ಆಮೇಲೆ ಹುಡುಕಿದರೆ, ಕ್ವಾಲಾಲಂಪುರ, ಸಿಂಗಾಪುರದ ಕಡಿಮೆ ಬೆಲೆಯ ಹೋಟೆಲುಗಳಲ್ಲಿ ಇಂಥ ರೂಮು ಮಾಮೂಲು. ನಮ್ಮ ಮೆಜೆಸ್ಟಿಕ್‌ನ ಲಾಡ್ಜುಗಳಲ್ಲೂ ತಲೆ ಆಚೆ ಹಾಕೋಕೆ ಒಂದು ಕಿಂಡಿ ಇರುತ್ತೆ, ಅಲ್ವಾ?

ಕಿಟಕಿ ಇಲ್ಲದಿದ್ದರೆ ಏನಾಯ್ತು, ಮಲಗೋಕೆ ತಾನೇ ಅನ್ನಬೇಡಿ. ಒದ್ದೆ ಟವೆಲ್ ಒಣಗಲ್ಲ. ಬೆಳಗಾಯ್ತೋ ಇಲ್ಲವೋ ಗೊತ್ತಾಗಲ್ಲ. ಅಮ್ಮ ಎರಡು ರಾತ್ರಿ ಎದ್ದೆದ್ದು ನನ್ನ ಫೋನಿನಲ್ಲಿ ಗಂಟೆ ನೋಡಿದರು. ಬಾತು ಕೇವ್ಸ್ ಅನ್ನೋ ಗುಹೆಯ ಮುರುಗನ್ ದೇವಸ್ಥಾನದ 272 ಮೆಟ್ಟಿಲು ಹತ್ತಿ ಇಳಿದು ಬಂದ ದಿನವಂತೂ ಮೂವರ ಬೆವರು, ಹಳೇ ಸಿಗರೇಟು, ಎಲ್ಲಾ ಸೇರಿ ಉಸಿರು ಕಟ್ಟುವ ಹಾಗಾಯಿತು.

ಮೂರನೇ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ, ವಾಸನೆ ತಡೆಯಲಾರದೆ ಅಮ್ಮ ಬ್ಯಾಗಿನಿಂದ ಊದುಬತ್ತಿ ತೆಗೆದು ರಾಯರ ಫೋಟೋ ಮುಂದೆ ಎರಡು ಹಚ್ಚಿದ್ದಾರೆ. ಹೊಗೆ ಹೋಗೋಕೆ ಜಾಗ ಎಲ್ಲಿದೆ? ಚಾವಣಿಯ ಅಲಾರಂ ಕಿರುಚಿಕೊಂಡಿತು. ಇಬ್ಬರು ಹುಡುಗರು ಓಡಿ ಬಂದು, ಉರಿಯುತ್ತಿದ್ದ ಕಡ್ಡಿಯ ಫೋಟೋ ತೆಗೆದುಕೊಂಡು ಹೋದರು.

ಹೊರಡುವ ದಿನ 200 ರಿಂಗಿಟ್ ಡಿಪಾಸಿಟ್ ಪೂರ್ತಿ ಖೋತಾ. ರೂಮಿನಲ್ಲಿ ಹೊಗೆ ಮಾಡಿದ್ದಕ್ಕೆ ದಂಡವಂತೆ. ಬಾಗಿಲ ಹಿಂದೆ ಬೋರ್ಡ್ ಇತ್ತು, ಒಪ್ಪಿಕೊಳ್ಳುತ್ತೇನೆ, ಬೆಂಕಿ ವಿಷಯದಲ್ಲಿ ತಪ್ಪು ನಮ್ಮದೇ. ಆದರೆ ನಮಗಿಂತ ಮುಂಚೆ ಅಲ್ಲಿ ಸಿಗರೇಟು ಸೇದಿದವನಿಗೆ ಯಾರು ದಂಡ ಹಾಕಿದರು? ಮಂಚದ ಹೊದಿಕೆಯಲ್ಲಿ ಸುಟ್ಟ ಗುರುತು ಕೂಡ ಇತ್ತು. ಮೊದಲ ದಿನ ಒಂದು ವಿಡಿಯೋ ತೆಗೆದಿಟ್ಟಿದ್ದರೆ ಮಾತಾಡಬಹುದಿತ್ತು. ತೆಗೆದಿರಲಿಲ್ಲ. ವಿಮಾನಕ್ಕೆ ಹೊತ್ತಾಗಿತ್ತು, ಸುಮ್ನೆ ಬಂದೆವು. ಈಗ ನೆಂಟರ ಮನೆಯಲ್ಲೆಲ್ಲಾ ಅಮ್ಮನದು ಒಂದೇ ಕಥೆ, ನಾಲ್ಕು ಸಾವಿರದ ಊದುಬತ್ತಿ.

ಜನವರಿಯಲ್ಲಿ ನನ್ನ ನಾದಿನಿಯ ಮನೆಯವರು ಹೊರಟಿದ್ದಾರೆ. ಬುಕ್ ಮಾಡಿದ ಹೋಟೆಲಿಗೆ ಮೊದಲೇ ಮೆಸೇಜ್ ಮಾಡಿ ಕಿಟಕಿ ಇದೆಯಾ ಅಂತ ಕೇಳಿಸಿದೆ. ಇದೆ ಅಂತ ಉತ್ತರ ಬಂತು. ಎಲ್ಲಿಗೆ ತೆರೆಯುತ್ತೆ ಅಂತ ಇನ್ನೊಂದು ಸಲ ಕೇಳಿಸಿದೆ. ಕಾರಿಡಾರಿಗಂತೆ. ಅವತ್ತೇ ಕ್ಯಾನ್ಸಲ್ ಮಾಡಿಸಿದೆ.